ಹತ್ತು ತಿಂಗಳ ವಾಸಕ್ಕೆ ಯಾವ ರಾಜ್ಯದ ತೆರಿಗೆ?

2023ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಆರ್.ಟಿ. ನಗರದ ನಮ್ಮ ಮನೆಯಲ್ಲಿ ಕಾಫಿ ಮುಗಿಸಿ ಪತ್ರಿಕೆ ಬಿಡಿಸುವ ಹೊತ್ತಿಗೆ ಅಮೆರಿಕದಿಂದ ಮಗಳ ಕರೆ ಬಂತು. ಕುಶಲೋಪರಿಯೆಲ್ಲ ಆದ ಮೇಲೆ ಅವಳು ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು: ‘ಅಪ್ಪ, ತೆರಿಗೆ ಲೆಕ್ಕದಲ್ಲಿ ನಾನೀಗ ಯಾವ ರಾಜ್ಯದವಳು?’

ಅವಳ ಸಂಸಾರ ಇರುವುದು ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಬಳಿ. ಅಳಿಯನ ಉದ್ಯೋಗ, ಮೊಮ್ಮಗನ ಶಾಲೆ, ಸಾಲ ಮಾಡಿ ಕೊಂಡ ಮನೆ ಎಲ್ಲವೂ ಅಲ್ಲಿಯೇ. ಆ ವರ್ಷದ ಜನವರಿಯಲ್ಲಿ ಕಂಪನಿ ಅವಳನ್ನು ಎಂಟು ತಿಂಗಳ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಕಳುಹಿಸಿತ್ತು. ಈಗ ಕೆಲಸ ಮುಗಿದಿಲ್ಲ, ಇನ್ನೆರಡು ತಿಂಗಳು ಇರಬೇಕು ಎಂದಿದ್ದಾರೆ. ಒಂಬತ್ತು ತಿಂಗಳು ದಾಟಿದರೆ ಕ್ಯಾಲಿಫೋರ್ನಿಯಾ ನಿನ್ನನ್ನು ತನ್ನ ನಿವಾಸಿ ಎಂದೇ ಭಾವಿಸಬಹುದು ಎಂದು ಅವಳ ಲೆಕ್ಕಪರಿಶೋಧಕರು ಎಚ್ಚರಿಸಿದ್ದರು.

ನಾನು ನಕ್ಕುಬಿಟ್ಟೆ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿದ್ದವನು ನಾನು. ಬೀದರ್, ಕಾರವಾರ, ಕೋಲಾರ ಎಲ್ಲ ಸುತ್ತಿದ್ದೇನೆ. 2008ರಿಂದ ಮೂರು ವರ್ಷ ಎರವಲು ಸೇವೆಯ ಮೇಲೆ ದೆಹಲಿಯಲ್ಲಿಯೂ ಇದ್ದೆ. ಆದಾಯ ತೆರಿಗೆಯ ವಿಷಯದಲ್ಲಿ ‘ನೀವು ಯಾವ ರಾಜ್ಯದವರು’ ಎಂದು ಒಬ್ಬನೇ ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದಿಲ್ಲ. ‘ನಮ್ಮಲ್ಲಿ ಇಂಥ ರಗಳೆ ಇಲ್ಲಮ್ಮ’ ಎಂದೆ. ಕರೆ ಮುಗಿದ ಮೇಲೆ ಆ ನಗು ಅಷ್ಟು ಸರಿಯಲ್ಲ ಎನಿಸತೊಡಗಿತು. ಅದಕ್ಕೆ ಕಾರಣವನ್ನು ಹೇಳಲೆಂದೇ ಈ ಲೇಖನ.

ಮೊದಲು ಅವಳ ಸಮಸ್ಯೆಯನ್ನು ನೋಡೋಣ. ಈ ನಗರದ ಮಧ್ಯಮ ವರ್ಗದ ಅನೇಕ ಮನೆಗಳ ಮಕ್ಕಳು ಆ ದೇಶದಲ್ಲಿದ್ದಾರೆ. ಅವರಿಗೆ ಇದು ಇಂದಲ್ಲ ನಾಳೆ ಎದುರಾಗುವ ಪ್ರಶ್ನೆ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಆದಾಯ ತೆರಿಗೆಯ ಮೇಲೆ ಬಹುತೇಕ ರಾಜ್ಯಗಳು ತಮ್ಮದೇ ಆದಾಯ ತೆರಿಗೆಯನ್ನೂ ವಿಧಿಸುತ್ತವೆ. ಟೆಕ್ಸಾಸ್, ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ಅದಿಲ್ಲ. ಟೆಕ್ಸಾಸಿನ ಮತದಾರರಂತೂ 2019ರಲ್ಲಿ ವೈಯಕ್ತಿಕ ಆದಾಯ ತೆರಿಗೆಯನ್ನೇ ನಿಷೇಧಿಸುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಮೇಲ್ಮಟ್ಟದ ದರ ಶೇ 13.3ರವರೆಗೆ ಏರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ದುಡಿದು ಗಳಿಸಿದ ಸಂಬಳಕ್ಕೆ ಅಲ್ಲಿ ತೆರಿಗೆ ಕೊಡಬೇಕೆನ್ನುವುದರಲ್ಲಿ ತಕರಾರಿಲ್ಲ. ಅಲ್ಲಿನ ರಸ್ತೆ, ಅಲ್ಲಿನ ಆಸ್ಪತ್ರೆ, ಅಲ್ಲಿನ ಪೊಲೀಸರನ್ನು ಬಳಸಿಕೊಂಡವರು ಕೊಡುವುದು ನ್ಯಾಯವೇ. ತಕರಾರು ಇರುವುದು ‘ನಿವಾಸಿ’ ಎಂಬ ಪದದಲ್ಲಿ. ನಿವಾಸಿಯಲ್ಲದವರಿಗೆ ಆ ರಾಜ್ಯದಲ್ಲಿ ಹುಟ್ಟಿದ ಆದಾಯಕ್ಕೆ ಮಾತ್ರ ತೆರಿಗೆ. ನಿವಾಸಿ ಎನಿಸಿಕೊಂಡರೆ ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದ ಆದಾಯಕ್ಕೂ ತೆರಿಗೆ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಮಗಳ ಹೆಸರಿನಲ್ಲಿ ಒಂದು ಸಣ್ಣ ಫ್ಲ್ಯಾಟ್ ಇದೆ. ಅದರ ಬಾಡಿಗೆಗೆ ಭಾರತದಲ್ಲಿ ತೆರಿಗೆ ಕಟ್ಟುತ್ತಾಳೆ. ಹಾಗೆ ಕಟ್ಟಿದ್ದನ್ನು ಅಮೆರಿಕದ ಒಕ್ಕೂಟ ಸರ್ಕಾರ ತನ್ನ ಲೆಕ್ಕದಲ್ಲಿ ವಜಾ ಮಾಡಿಕೊಡುತ್ತದೆ. ಕ್ಯಾಲಿಫೋರ್ನಿಯಾ ಮಾತ್ರ ವಿದೇಶದಲ್ಲಿ ಕಟ್ಟಿದ ತೆರಿಗೆಗೆ ವಿನಾಯಿತಿ ಕೊಡುವುದಿಲ್ಲ. ಭಾರತ ಮತ್ತು ಅಮೆರಿಕ ಮಾಡಿಕೊಂಡಿರುವ ದುಪ್ಪಟ್ಟು ತೆರಿಗೆ ನಿವಾರಣಾ ಒಪ್ಪಂದಕ್ಕೂ ಆ ರಾಜ್ಯ ಬದ್ಧವಲ್ಲ. ಎಂದರೆ, ಸ್ಯಾನ್ ಹೋಸೆಯಲ್ಲಿ ಹತ್ತು ತಿಂಗಳು ಬಾಡಿಗೆ ಕೋಣೆಯಲ್ಲಿದ್ದ ತಪ್ಪಿಗೆ ಆರ್.ಟಿ. ನಗರದ ಫ್ಲ್ಯಾಟಿನ ಬಾಡಿಗೆಯ ಮೇಲೆ ಎರಡನೆಯ ತೆರಿಗೆ ಬೀಳುತ್ತದೆ.

ಹಾಗಾದರೆ ನಿವಾಸಿ ಯಾರು? ಕಾನೂನಿನ ಮಾತು ಸ್ಥೂಲವಾಗಿ ಹೀಗಿದೆ: ತಾತ್ಕಾಲಿಕ ಅಥವಾ ಅಲ್ಪಕಾಲದ ಉದ್ದೇಶವಿಲ್ಲದೆ ರಾಜ್ಯದಲ್ಲಿ ಇರುವವನು ನಿವಾಸಿ. ವರ್ಷದಲ್ಲಿ ಒಟ್ಟು ಒಂಬತ್ತು ತಿಂಗಳಿಗಿಂತ ಹೆಚ್ಚು ಇದ್ದರೆ ನಿವಾಸಿ ಎಂದೇ ಪೂರ್ವಭಾವನೆ. ಹಾಗಲ್ಲವೆಂದು ಸಾಧಿಸುವ ಹೊಣೆ ತೆರಿಗೆದಾರನದು. ಸಾಧಿಸುವುದು ಹೇಗೆ? 2003ರ ಒಂದು ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ಮಂಡಳಿ ನೋಡಬೇಕಾದ ಅಂಶಗಳನ್ನು ಪಟ್ಟಿ ಮಾಡಿತು. ಮನೆ ಎಲ್ಲಿದೆ, ಹೆಂಡತಿ ಅಥವಾ ಗಂಡ ಎಲ್ಲಿದ್ದಾರೆ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ವಾಹನದ ನೋಂದಣಿ ಎಲ್ಲಿ, ಚಾಲನಾ ಪರವಾನಗಿ ಯಾವ ರಾಜ್ಯದ್ದು, ಬ್ಯಾಂಕ್ ಖಾತೆ ಎಲ್ಲಿ, ಮತ ಎಲ್ಲಿ, ವೈದ್ಯರು ಯಾವ ಊರಿನವರು, ದೂರವಾಣಿ ಕರೆಗಳು ಎಲ್ಲಿಂದ ಹೋಗಿವೆ. ಮನುಷ್ಯನ ಬದುಕು ಎಲ್ಲಿ ನಡೆಯುತ್ತಿದೆ ಎಂಬ ಪ್ರಶ್ನೆಗೆ ಇವು ಒಳ್ಳೆಯ ಸಾಕ್ಷಿಗಳೇ ಎಂದು ನಾನು ಒಪ್ಪುತ್ತೇನೆ. ಆದರೆ ಈ ಸಾಕ್ಷಿಗಳನ್ನೆಲ್ಲ ಕೂಡಿಡುವ ಕಷ್ಟ ಸಂಬಳದಾರನ ತಲೆಯ ಮೇಲೆ.

ದಿನ ಎಣಿಸುವುದೂ ತೋರುವಷ್ಟು ಸುಲಭವಲ್ಲ. ಮಗಳು ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆ ಡಲ್ಲಾಸಿಗೆ ಹೋಗಿ ಭಾನುವಾರ ರಾತ್ರಿ ಮರಳುತ್ತಿದ್ದಳು. ಅವಳು ಎಷ್ಟು ದಿನ ಹೊರಗಿದ್ದಂತಾಯಿತು? ನ್ಯೂಯಾರ್ಕ್ ರಾಜ್ಯದ ನಿಯಮವನ್ನು ಹಿಡಿದರೆ ದಿನದ ಒಂದು ಅಂಶ ರಾಜ್ಯದಲ್ಲಿದ್ದರೂ ಅದು ಪೂರ್ತಿ ದಿನ. ಆ ಪ್ರಕಾರ ಹೊರಗಿದ್ದದ್ದು ಶನಿವಾರ ಒಂದೇ. ಎರಡು ರಾತ್ರಿ ಮಗನ ಪಕ್ಕದಲ್ಲಿ ಮಲಗಿ ಬಂದವಳಿಗೆ ಕಾನೂನು ಒಂದು ದಿನವನ್ನು ಕೊಡುತ್ತದೆ.

2020ರ ಕೋವಿಡ್ ಕಾಲದಲ್ಲಿ ಈ ಗೊಂದಲ ಬೀದಿಗೇ ಬಂತು. ಮ್ಯಾಸಚೂಸೆಟ್ಸ್ ರಾಜ್ಯದ ಕಂಪನಿಗಳಿಗೆ ನೆರೆಯ ನ್ಯೂ ಹ್ಯಾಂಪ್‌ಶೈರಿನ ತಮ್ಮ ಮನೆಗಳಿಂದಲೇ ಕೆಲಸ ಮಾಡುತ್ತಿದ್ದವರಿಂದಲೂ ಮ್ಯಾಸಚೂಸೆಟ್ಸ್ ಹಳೆಯಂತೆಯೇ ತೆರಿಗೆ ಕೇಳಿತು. ಸಂಬಳಕ್ಕೆ ತೆರಿಗೆಯೇ ಇಲ್ಲದ ನ್ಯೂ ಹ್ಯಾಂಪ್‌ಶೈರ್ ನೇರವಾಗಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಜೂನ್‌ನಲ್ಲಿ ಕೋರ್ಟ್ ಆ ದಾವೆಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಎರಡು ರಾಜ್ಯಗಳು ಜಗಳವಾಡಿದವು. ಉತ್ತರ ಸಿಗದೆ ಉಳಿದವರು ಮನೆಯಲ್ಲಿ ಕುಳಿತು ದುಡಿದವರು.

ಈಗ ನಮ್ಮ ಕಡೆಗೆ ಬರೋಣ. ಕೃಷಿ ಆದಾಯವನ್ನು ಬಿಟ್ಟು ಉಳಿದ ಆದಾಯದ ಮೇಲಿನ ತೆರಿಗೆಯನ್ನು ಸಂವಿಧಾನದ ಏಳನೆಯ ಅನುಸೂಚಿ ಕೇಂದ್ರದ ಪಟ್ಟಿಯಲ್ಲಿಟ್ಟಿದೆ. ಆದಾಯ ತೆರಿಗೆ ಕಾಯ್ದೆ ಕೇಳುವುದು ಒಂದೇ ಪ್ರಶ್ನೆ: ನೀವು ಭಾರತದ ನಿವಾಸಿಯೋ ಅಲ್ಲವೋ? ವರ್ಷದಲ್ಲಿ 182 ದಿನ ಎಂಬ ಪ್ರಸಿದ್ಧ ಲೆಕ್ಕವಿರುವುದು ದೇಶದ ಗಡಿಗೆ, ರಾಜ್ಯದ ಗಡಿಗಲ್ಲ. 1961ರ ಕಾಯ್ದೆಗೆ ಬದಲಾಗಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಸಂಸತ್ತು ಒಪ್ಪಿದ 2025ರ ಕಾಯ್ದೆಯಲ್ಲಿಯೂ ಈ ಮೂಲ ಸ್ವರೂಪ ಬದಲಾಗಿಲ್ಲ. ಬೆಂಗಳೂರಿನ ಎಂಜಿನಿಯರ್ ಹತ್ತು ತಿಂಗಳು ಪುಣೆಯಲ್ಲಿದ್ದು ಬಂದರೆ ಅವನ ರಿಟರ್ನಿನಲ್ಲಿ ಬದಲಾಗುವುದು ಹೆಚ್ಚೆಂದರೆ ವಿಳಾಸದ ಒಂದು ಸಾಲು.

ಇದು ಮೊದಲಿನಿಂದಲೂ ಹೀಗೇ ಇತ್ತು ಎಂದು ನಮ್ಮ ಹೊಸ ಪೀಳಿಗೆ ತಿಳಿದಿರಬಹುದು. ಹಾಗಿರಲಿಲ್ಲ. ಆರ್.ಟಿ. ನಗರದಿಂದ ಜಯಮಹಲ್ ದಾಟಿ ದಂಡು ರೈಲು ನಿಲ್ದಾಣದ ಕಡೆ ಬೆಳಗಿನ ವಾಯುಸೇವನೆಗೆ ಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅಲ್ಲೆಲ್ಲೋ ಒಂದು ಗಡಿಯಿತ್ತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಬ್ರಿಟಿಷರು ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅನ್ನು ತಮ್ಮ ಆಡಳಿತದಲ್ಲಿಯೇ ಉಳಿಸಿಕೊಂಡರು. ಪೇಟೆ ಮಹಾರಾಜರದು, ದಂಡು ರೆಸಿಡೆಂಟರದು. ಮೈಸೂರಿಗೆ 1923ರ ತನ್ನದೇ ಆದಾಯ ತೆರಿಗೆ ಕಾಯ್ದೆಯಿತ್ತು. ದಂಡಿನಲ್ಲಿ ಬ್ರಿಟಿಷ್ ಇಂಡಿಯಾದ ಕಾನೂನುಗಳು ನಡೆಯುತ್ತಿದ್ದವು. ಒಂದೇ ಊರು, ಒಂದೇ ಸಂತೆ, ಎರಡು ಸರ್ಕಾರ.

ಬ್ರಿಟಿಷ್ ಇಂಡಿಯಾದ 1922ರ ಕಾಯ್ದೆಗೆ 1939ರಲ್ಲಿ ತಿದ್ದುಪಡಿ ಬಂದು ‘ನಿವಾಸಿ’ ಎಂಬುದಕ್ಕೆ ವ್ಯಾಖ್ಯೆ ಕೊಟ್ಟರು. 182 ದಿನದ ಲೆಕ್ಕ ಆಗಲೇ ಬಂದದ್ದು. ಆದರೆ ಅದರ ಜೊತೆಗೆ ಇನ್ನೊಂದು ಬಲೆಯಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 182 ದಿನ ಒಂದು ವಾಸದ ಮನೆಯನ್ನು ಇಟ್ಟುಕೊಂಡಿದ್ದು, ಆ ವರ್ಷದಲ್ಲಿ ಎಷ್ಟೇ ಅಲ್ಪಕಾಲ ಅಲ್ಲಿಗೆ ಹೋಗಿ ಬಂದಿದ್ದರೂ ಸಾಕು, ಅವನು ನಿವಾಸಿ. ಮದರಾಸಿನಲ್ಲಿ ಒಂದು ಮನೆಯಿಟ್ಟುಕೊಂಡು ಮೈಸೂರು ಸೀಮೆಯಲ್ಲಿ ವ್ಯಾಪಾರ ಮಾಡುತ್ತಿದ್ದ ವರ್ತಕ, ವರ್ಷಕ್ಕೊಮ್ಮೆ ಮದುವೆಯ ಊಟಕ್ಕೆ ಮದರಾಸಿಗೆ ಹೋದರೂ ಅಲ್ಲಿನ ನಿವಾಸಿಯಾಗುತ್ತಿದ್ದ. ಸ್ಯಾನ್ ಹೋಸೆಯ ನನ್ನ ಮಗಳ ಪಾಡಿಗೂ ಆ ವರ್ತಕನ ಪಾಡಿಗೂ ಹೆಚ್ಚು ಅಂತರವಿಲ್ಲ. ಎರಡೂ ಕಡೆ ತೆರಿಗೆ ಬೀಳುವುದನ್ನು ತಪ್ಪಿಸಲು ದೇಶೀಯ ಸಂಸ್ಥಾನಗಳ ಸಂಬಂಧ ಪರಿಹಾರ ನಿಯಮಗಳನ್ನೇ 1939ರಲ್ಲಿ ಮಾಡಬೇಕಾಯಿತು.

1947ರ ಜುಲೈ 26ರಂದು ದಂಡು ಪ್ರದೇಶ ಮೈಸೂರಿಗೆ ಮರಳಿತು. 1950ರ ಏಪ್ರಿಲ್ 1ರಿಂದ ಭಾರತದ ಆದಾಯ ತೆರಿಗೆ ಮೈಸೂರಿಗೂ ವಿಸ್ತರಿಸಿತು. ಸಂಸ್ಥಾನದ ಕಡಿಮೆ ದರಗಳಿಗೆ ಒಗ್ಗಿದ್ದವರಿಗೆ ಒಮ್ಮೆಲೇ ಹೊರೆಯಾಗದಂತೆ ಅದೇ ವರ್ಷ ‘ಬಿ’ ಭಾಗದ ರಾಜ್ಯಗಳ ತೆರಿಗೆ ರಿಯಾಯಿತಿ ಆದೇಶವೂ ಬಂತು. ಹಳೆಯ ಗಡಿಯ ಬಾಕಿಗಳು ಮಾತ್ರ ಅಷ್ಟು ಬೇಗ ಅಳಿಯಲಿಲ್ಲ. ದಂಡು ಪ್ರದೇಶದ ಹಳೆಯ ವರ್ಷಗಳ ತೆರಿಗೆಯನ್ನು ಯಾವ ಕಾನೂನಿನಡಿ ಮತ್ತೆ ನಿರ್ಧರಿಸಬೇಕು ಎಂಬ ವ್ಯಾಜ್ಯ 1958ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಊರಿನ ನಡುವಿನ ಒಂದು ಗೆರೆ ಅಳಿಸಿದ ಹನ್ನೊಂದು ವರ್ಷಗಳ ಮೇಲೂ ವಕೀಲರಿಗೆ ಕೆಲಸ ಕೊಡುತ್ತಿತ್ತು.

ಆ ಗೆರೆಯನ್ನು ಅಳಿಸಿದ್ದು ನಮ್ಮ ಹಿರಿಯರು ನಮಗೆ ಮಾಡಿದ ದೊಡ್ಡ ಉಪಕಾರ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ರಾಜ್ಯಗಳಿಗೆ ಹೆಚ್ಚಿನ ತೆರಿಗೆ ಅಧಿಕಾರ ಬೇಕೆಂದು ನಾನೂ ವಾದಿಸಿದ್ದುಂಟು. ಈಗಲೂ ಅನೇಕ ವಿಷಯಗಳಲ್ಲಿ ಅದೇ ಅಭಿಪ್ರಾಯ. ಆದಾಯ ತೆರಿಗೆಯ ಮಟ್ಟಿಗೆ ಮಾತ್ರ ನಿಲುವು ಬದಲಾಗಿದೆ. ಕೆಲಸ ಹುಡುಕಿ ಊರು ಬಿಡುವವರ ದೇಶ ಇದು. ಹೋದಲ್ಲೆಲ್ಲ ‘ನೀನು ಯಾರ ಪ್ರಜೆ’ ಎಂದು ತೆರಿಗೆಯವನು ಕೇಳಬಾರದು.

ಆದರೆ ಕೇಳುತ್ತಾರೆ. ದೊಡ್ಡ ಬಾಗಿಲಿನಲ್ಲಿ ಕೇಳುವುದಿಲ್ಲ, ಹಿತ್ತಲ ಬಾಗಿಲಿನಲ್ಲಿ ಕೇಳುತ್ತಾರೆ. ಮಗಳೊಡನೆ ಮಾತನಾಡುವಾಗ ನಾನು ಮರೆತದ್ದು ಇದನ್ನೇ.

ವೃತ್ತಿ ತೆರಿಗೆಯನ್ನು ತೆಗೆದುಕೊಳ್ಳಿ. ಸಂವಿಧಾನದ 276ನೆಯ ವಿಧಿಯಡಿ ರಾಜ್ಯಗಳು ಇದನ್ನು ವಿಧಿಸುತ್ತವೆ. ನಮ್ಮ ರಾಜ್ಯದ ಕಾಯ್ದೆ 1976ರದು. ವರ್ಷಕ್ಕೆ 250 ರೂಪಾಯಿ ಇದ್ದ ಗರಿಷ್ಠ ಮಿತಿಯನ್ನು 1988ರ ಅರವತ್ತನೆಯ ತಿದ್ದುಪಡಿ 2,500 ರೂಪಾಯಿಗೆ ಏರಿಸಿತು. ದೆಹಲಿಯಲ್ಲಿ ಈ ತೆರಿಗೆಯೇ ಇಲ್ಲ. ಹೀಗಾಗಿ 2008ರಲ್ಲಿ ನಾನು ಅಲ್ಲಿಗೆ ಹೋದ ತಿಂಗಳು ಸಂಬಳದ ಚೀಟಿಯಿಂದ 200 ರೂಪಾಯಿ ಕಡಿತ ಮಾಯವಾಯಿತು, 2011ರಲ್ಲಿ ಮರಳಿದ ತಿಂಗಳು ಮತ್ತೆ ಕಾಣಿಸಿಕೊಂಡಿತು. ಕೆಲಸ ಎಲ್ಲಿಯೋ ತೆರಿಗೆ ಅಲ್ಲಿ ಎಂಬ ಸರಳ ನಿಯಮ. ಮೊತ್ತವೂ ಚಿಕ್ಕದು. ಯಾರೂ ಇದಕ್ಕಾಗಿ ನಿದ್ದೆಗೆಟ್ಟದ್ದಿಲ್ಲ.

ನಿದ್ದೆ ಕೆಡಿಸುವುದು ಕಾರು. ದೆಹಲಿಯಲ್ಲಿ ಕೊಂಡ ಕಾರನ್ನು ನಾನು 2011ರಲ್ಲಿ ಬೆಂಗಳೂರಿಗೆ ತಂದೆ. ಅಲ್ಲಿ ರಸ್ತೆ ತೆರಿಗೆಯನ್ನು ಒಮ್ಮೆಲೇ ಕಟ್ಟಿಯಾಗಿತ್ತು. ಇಲ್ಲಿ ಮತ್ತೆ ಆಜೀವ ತೆರಿಗೆ ಕಟ್ಟಿದೆ. ಹಿಂದೆ ಕಟ್ಟಿದ್ದರಲ್ಲಿ ಉಳಿದ ಅವಧಿಯ ಹಣ ಮರಳಿ ಪಡೆಯಲು ಅರ್ಜಿ, ನಿರಾಕ್ಷೇಪಣಾ ಪತ್ರ, ಹೊಸ ನೋಂದಣಿಯ ಪ್ರತಿ ಎಲ್ಲವನ್ನೂ ಕಳುಹಿಸಿದೆ. ಕಡತ ಎಲ್ಲೋ ಕುಳಿತಿತು. ಸರ್ಕಾರಿ ಕಡತಗಳ ಸ್ವಭಾವವನ್ನು ಆಯುಷ್ಯವಿಡೀ ಬಲ್ಲ ನಾನೇ ಎಂಟು ತಿಂಗಳ ನಂತರ ಕೈಬಿಟ್ಟೆ.

ನನ್ನದು ಕಾಯಂ ವಾಪಸಾತಿ. ತಾತ್ಕಾಲಿಕವಾಗಿ ಬರುವವರ ಪಾಡು ಇದಕ್ಕಿಂತ ಕಷ್ಟ. 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಂ ಪ್ರಕಾರ ಬೇರೆ ರಾಜ್ಯದ ವಾಹನ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಮಾತ್ರ ಮರುನೋಂದಣಿ ಮಾಡಿಸಬೇಕು. ನಮ್ಮ ರಾಜ್ಯ 2014ರಲ್ಲಿ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಮೂವತ್ತು ದಿನ ಮೀರಿದರೆ ಆಜೀವ ತೆರಿಗೆ ಕಟ್ಟಬೇಕು ಎಂದಿತು. ಮೂವತ್ತು ದಿನಕ್ಕೆ ಆಜೀವ ತೆರಿಗೆ! ಆರು ತಿಂಗಳ ತರಬೇತಿಗೆ ಬಂದ ಹುಡುಗ, ಹೆರಿಗೆಗೆ ಮಗಳ ಮನೆಗೆ ಬಂದ ತಂದೆ, ಹನ್ನೊಂದು ತಿಂಗಳ ಗುತ್ತಿಗೆಯ ಎಂಜಿನಿಯರ್ ಎಲ್ಲರೂ ರಸ್ತೆಬದಿಯ ತಪಾಸಣೆಯಲ್ಲಿ ನಿಂತು ವಿವರಣೆ ಕೊಡಬೇಕಾಯಿತು. 2016ರಲ್ಲಿ ಹೈಕೋರ್ಟ್ ಈ ತಿದ್ದುಪಡಿಯನ್ನು ರದ್ದುಪಡಿಸಿತು. ಕೇಂದ್ರವು 2021ರ ಸೆಪ್ಟೆಂಬರ್‌ನಿಂದ ತಂದ ‘ಬಿಎಚ್’ ಸರಣಿಯ ನೋಂದಣಿಯ ಹಿಂದಿರುವುದೂ ಇದೇ ಬವಣೆ. ಅದರಲ್ಲಿ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು. ಆದರೆ ಅದು ಸರ್ಕಾರಿ ನೌಕರರಿಗೆ, ಸೈನಿಕರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಕಂಪನಿಗಳ ನೌಕರರಿಗೆ ಮಾತ್ರ. ಸಣ್ಣ ಸಂಸ್ಥೆಯಲ್ಲಿ ದುಡಿಯುವವನಿಗೂ ಸ್ವಂತ ಕಸುಬಿನವನಿಗೂ ಅದು ಸಿಗದು. ಅಧಿಕಾರಿಗಳು ತಮಗೆ ಬೇಕಾದ್ದನ್ನು ಮೊದಲು ಮಾಡಿಕೊಂಡರು ಎಂದು ಯಾರಾದರೂ ದೂರಿದರೆ ನಾನು ಉತ್ತರ ಕೊಡಲಾರೆ.

ಕೇಂದ್ರದ ಆದಾಯ ತೆರಿಗೆಯೊಳಗೇ ರಾಜ್ಯದ ಪ್ರಶ್ನೆ ಇರುವ ಒಂದೆರಡು ಮೂಲೆಗಳೂ ಇವೆ. ಈಶಾನ್ಯದ ನಾಗಾಲ್ಯಾಂಡ್, ಮಿಜೋರಾಂ, ಅರುಣಾಚಲ ಮುಂತಾದ ಪ್ರದೇಶಗಳಲ್ಲಿ ವಾಸಿಸುವ ಪರಿಶಿಷ್ಟ ಪಂಗಡದವರಿಗೆ ಆ ಪ್ರದೇಶದಲ್ಲಿ ಹುಟ್ಟುವ ಆದಾಯಕ್ಕೆ ತೆರಿಗೆಯಿಲ್ಲ. ವಾಸವೂ ಅಲ್ಲಿರಬೇಕು, ಆದಾಯವೂ ಅಲ್ಲಿನದಾಗಿರಬೇಕು. ನಮ್ಮ ಬೀದಿಯ ಒಂದು ಮನೆಯ ಮಹಡಿಯಲ್ಲಿ ಕೊಹಿಮಾದ ಯುವಕನೊಬ್ಬ ಬಾಡಿಗೆಗಿದ್ದ. ಇಲ್ಲಿನ ಸಂಬಳಕ್ಕೆ ಎಲ್ಲರಂತೆ ತೆರಿಗೆ ಕಟ್ಟುತ್ತಿದ್ದ. 2020ರಲ್ಲಿ ಲಾಕ್‌ಡೌನ್ ಸಡಿಲವಾದಾಗ ಊರಿಗೆ ಹೋದವನು ಒಂದು ವರ್ಷ ಅಲ್ಲಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡಿದ. ಮರಳಿದ ಮೇಲೆ ನನ್ನನ್ನು ಕೇಳಿದ: ‘ಅಂಕಲ್, ಆ ವರ್ಷದ ಸಂಬಳಕ್ಕೆ ನಾನು ತೆರಿಗೆ ಕಟ್ಟಬೇಕಿತ್ತೇ?’ ವಾಸ ಕೊಹಿಮಾದಲ್ಲಿ, ದುಡಿಮೆಯೂ ಕೊಹಿಮಾದ ಮೇಜಿನ ಮೇಲೆ. ಸೇವೆ ಸಲ್ಲಿಸಿದ ಸ್ಥಳದಲ್ಲಿ ಸಂಬಳ ಹುಟ್ಟುತ್ತದೆ ಎಂಬ ತತ್ವವನ್ನು ಹಿಡಿದರೆ ಅವನಿಗೆ ವಿನಾಯಿತಿ ಸಿಗಬೇಕು. ಆದಾಯದ ಮೂಲ ಬೆಂಗಳೂರಿನ ಕಂಪನಿ, ಅವನು ಹೋದದ್ದು ತಾತ್ಕಾಲಿಕವಾಗಿ ಎಂದು ವಾದಿಸಿದರೆ ಸಿಗಬಾರದು. ಕಂಪನಿಯವರು ಎರಡನೆಯದನ್ನೇ ಹಿಡಿದು ಸಂಬಳದಲ್ಲಿ ತೆರಿಗೆ ಮುರಿದುಕೊಂಡಿದ್ದರು. ಮೊದಲನೆಯದನ್ನು ಎತ್ತಿ ಹೋರಾಡುವಷ್ಟು ಬಿಡುವು ಅವನಿಗೆ ಎಲ್ಲಿಂದ ಬರಬೇಕು?

ಸಿಕ್ಕಿಮಿನದು ಇನ್ನೊಂದು ಬಗೆ. 2008ರ ತಿದ್ದುಪಡಿ ‘ಸಿಕ್ಕಿಮೀಯರಿಗೆ’ ವಿನಾಯಿತಿ ಕೊಟ್ಟಿತು. ಆದರೆ ಹೊರಗಿನವನನ್ನು 2008ರ ಏಪ್ರಿಲ್ 1ರ ನಂತರ ಮದುವೆಯಾದ ಸಿಕ್ಕಿಮೀ ಹೆಣ್ಣುಮಗಳಿಗೆ ಅದು ತಪ್ಪಿತು. ರಾಜ್ಯದ ಗುರುತನ್ನು ತೆರಿಗೆಗೆ ಕಟ್ಟಿದರೆ ಯಾವ ಅಸಂಬದ್ಧಕ್ಕೆ ಮುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. 2023ರ ಜನವರಿ 13ರಂದು ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು.

ತಾತ್ಕಾಲಿಕ ವಾಸವನ್ನು ಘನತೆಯಿಂದ ಕಾಣುವ ಕಾನೂನು ನಮ್ಮಲ್ಲಿ ಇಲ್ಲವೆಂದಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೆಯ ಕಲಂ ನೋಡಿ. ಒಂದೂರಿನಲ್ಲಿ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿನ ಸಾಮಾನ್ಯ ನಿವಾಸಿ ಆಗುವುದಿಲ್ಲ. ತಾತ್ಕಾಲಿಕವಾಗಿ ಬೇರೆಡೆ ಹೋದ ಕಾರಣಕ್ಕೆ ಸಾಮಾನ್ಯ ನಿವಾಸ ತಪ್ಪುವುದೂ ಇಲ್ಲ. ಆದಾಯ ತೆರಿಗೆಯಲ್ಲಿಯೂ ಅಂಥ ಒಂದು ಔದಾರ್ಯವಿದೆ. ಉದ್ಯೋಗದ ನಿಮಿತ್ತ ಬೇರೆ ಊರಿನಲ್ಲಿ ಬಾಡಿಗೆಗಿದ್ದು ಸ್ವಂತ ಮನೆಯನ್ನು ಖಾಲಿ ಬಿಟ್ಟವನಿಗೆ, ಆ ಮನೆಯಲ್ಲಿ ಅವನೇ ಇದ್ದಾನೆ ಎಂಬಂತೆ ಅದರ ವಾರ್ಷಿಕ ಮೌಲ್ಯವನ್ನು ಶೂನ್ಯವೆಂದು ಎಣಿಸುತ್ತಾರೆ. ಬೀಗ ಹಾಕಿದ ಬಾಗಿಲಿನ ಹಿಂದೆ ಒಬ್ಬ ಮರಳಿ ಬರುವವನಿದ್ದಾನೆ ಎಂದು ಆ ನಿಯಮ ಬರೆದವರಿಗೆ ಗೊತ್ತಿತ್ತು. ವಾಹನ ತೆರಿಗೆಗೆ ಇದೇ ದೃಷ್ಟಿಯನ್ನು ಏಕೆ ಅನ್ವಯಿಸಬಾರದು? ಬಂದಷ್ಟು ತಿಂಗಳಿಗೆ ಬಂದ ರಾಜ್ಯಕ್ಕೆ ತಿಂಗಳ ಲೆಕ್ಕದಲ್ಲಿ ಕಟ್ಟಿದರೆ ಸಾಕು ಎಂದು ಎಲ್ಲ ವಾಹನಗಳಿಗೂ ನಿಯಮ ಮಾಡುವುದಕ್ಕೆ ಅಡ್ಡಿಯೇನಿದೆ? ಆಜೀವ ತೆರಿಗೆಯ ದೊಡ್ಡ ಮೊತ್ತ ಮುಂಗಡ ಬರುವುದು ನಿಂತೀತು ಎಂಬ ಒಂದೇ ಅಡ್ಡಿ. ಹಣಕಾಸು ಇಲಾಖೆಯಲ್ಲಿ ಕೆಲಕಾಲ ಕುಳಿತವನಾಗಿ ಆ ಆಸೆಯ ಬಲ ಎಷ್ಟೆಂದು ಬಲ್ಲೆ.

ಕೊನೆಯದಾಗಿ, ಸ್ವಲ್ಪ ಅಪ್ರಿಯವಾದ ಮಾತು. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೆಯ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಇದು ಅನ್ಯಾಯವೆಂದು 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಿತು. ಅನ್ಯಾಯವೆಂದೇ ನನ್ನ ಅಭಿಪ್ರಾಯ ಕೂಡ. ಆದರೆ ಆ ವಾದದ ಜೊತೆಯಲ್ಲಿ ಒಂದು ಮಾತು ಸೇರಿಕೊಂಡುಬಿಟ್ಟಿದೆ: ಇಲ್ಲಿ ವಸೂಲಾದ ಆದಾಯ ತೆರಿಗೆ ಇಲ್ಲಿನವರದು, ಆದ್ದರಿಂದ ಅದು ಇಲ್ಲಿಗೇ ಬರಬೇಕು. ವಸೂಲಿ ಇಲ್ಲಿಯದು ಎಂದರೆ ಅದನ್ನು ಕೊಟ್ಟವರು ಇಲ್ಲಿಯವರು ಎಂದಾಗುತ್ತದೆಯೇ? ಬೆಂಗಳೂರಿನ ಕಂಪನಿ ಕೊಚ್ಚಿಯಲ್ಲಿಯೋ ಭುವನೇಶ್ವರದಲ್ಲಿಯೋ ಮನೆಯಿಂದ ದುಡಿಯುವ ನೌಕರನ ಸಂಬಳದಲ್ಲಿ ತೆರಿಗೆ ಮುರಿದರೆ ಅದು ಕರ್ನಾಟಕದ ಲೆಕ್ಕದಲ್ಲಿ ಕಾಣುತ್ತದೆ. ಕೆನರಾ ಬ್ಯಾಂಕ್ ದೇಶದ ಎಲ್ಲ ಮೂಲೆಗಳ ಶಾಖೆಗಳಿಂದ ಗಳಿಸಿದ ಲಾಭದ ತೆರಿಗೆ ಕೇಂದ್ರ ಕಚೇರಿಯಿರುವ ಬೆಂಗಳೂರಿನಲ್ಲಿ ಬೀಳುತ್ತದೆ. ಹಾಗೆಯೇ ಹಾವೇರಿಯ ಗ್ರಾಹಕನಿಂದ ಮುಂಬೈನ ಕಂಪನಿ ಗಳಿಸಿದ ಲಾಭ ಮಹಾರಾಷ್ಟ್ರದ ಲೆಕ್ಕಕ್ಕೆ ಹೋಗುತ್ತದೆ.

ಈ ಜಗಳ ಹೊಸದಲ್ಲ. ಕೆ.ಸಿ. ನಿಯೋಗಿ ಅವರ ಅಧ್ಯಕ್ಷತೆಯ ಮೊದಲ ಹಣಕಾಸು ಆಯೋಗದ ಮುಂದೆ, ವಸೂಲಾದ ಸ್ಥಳವನ್ನೇ ಆಧಾರವಾಗಿಸಿ ಎಂದು ಪಟ್ಟುಹಿಡಿದದ್ದು ಮುಂಬೈ ಮತ್ತು ಪಶ್ಚಿಮ ಬಂಗಾಳ. ದೊಡ್ಡ ಕಂಪನಿಗಳ ಕಚೇರಿಗಳು ಅಲ್ಲಿದ್ದವಲ್ಲ! ಆಯೋಗ ಶೇ 80ರಷ್ಟನ್ನು ಜನಸಂಖ್ಯೆಯ ಮೇಲೆ, ಶೇ 20ರಷ್ಟನ್ನು ವಸೂಲಿಯ ಮೇಲೆ ಹಂಚಿತು. ಮುಂದೆ ಆ ಅಂಶ ಕ್ಷೀಣಿಸಿ ಹತ್ತನೆಯ ಆಯೋಗದ ಹೊತ್ತಿಗೆ ಪೂರ್ತಿ ಹೋಯಿತು. ಅಂದು ಮುಂಬೈ ನಿಂತಿದ್ದ ಜಾಗದಲ್ಲಿ ಇಂದು ಬೆಂಗಳೂರು ನಿಂತಿದೆ. 16ನೆಯ ಆಯೋಗ ರಾಷ್ಟ್ರದ ಒಟ್ಟು ಉತ್ಪನ್ನಕ್ಕೆ ರಾಜ್ಯದ ಕೊಡುಗೆಯನ್ನು ಶೇ 10ರ ತೂಕದ ಒಂದು ಮಾನದಂಡವಾಗಿ ಸೇರಿಸಿ ನಮ್ಮ ಪಾಲನ್ನು ಶೇ 4.13ಕ್ಕೆ ಏರಿಸಿದೆ. ಇದು ಸರಿಯಾದ ದಾರಿ. ಉತ್ಪಾದನೆ ಎಲ್ಲಿ ನಡೆಯಿತು ಎಂದು ಅಳೆಯಬಹುದು. ಯಾವ ತೆರಿಗೆದಾರ ಯಾವ ರಾಜ್ಯದವನು ಎಂದು ಅಳೆಯಹೊರಟರೆ ಪ್ರತಿಯೊಬ್ಬ ಸಂಬಳದಾರನೂ ತನ್ನ ನಿವಾಸದ ಪುರಾವೆ ಒದಗಿಸಬೇಕಾಗುತ್ತದೆ. ರಿಟರ್ನಿನಲ್ಲಿ ಒಂದು ಹೊಸ ಕಾಲಂ ಬರುತ್ತದೆ. ಆ ಕಾಲಮ್ಮಿನ ಬೆನ್ನಿಗೆ ಒಂದು ಕಚೇರಿ ಬರುತ್ತದೆ. ಪಾಲಿಗಾಗಿ ನಾವು ಜಗಳವಾಡೋಣ, ಗಟ್ಟಿಯಾಗಿಯೇ ಆಡೋಣ. ಆದರೆ ಬೆಂಗಳೂರಿಗೆ ಬಂದು ದುಡಿಯುವ ಬಳ್ಳಾರಿಯ, ಕಾಸರಗೋಡಿನ, ಕೊಹಿಮಾದ ಮಕ್ಕಳ ಬಾಗಿಲಿಗೆ ಆ ಪ್ರಶ್ನೆಯನ್ನು ಕೊಂಡೊಯ್ಯುವುದು ಬೇಡ.

ಮಗಳ ಕಥೆ ಹೇಳಿ ಮುಗಿಸುತ್ತೇನೆ. ಅವಳು ಅಕ್ಟೋಬರ್ 20ಕ್ಕೆ ಡಲ್ಲಾಸಿಗೆ ಮರಳಿದಳು. ಶನಿವಾರಗಳನ್ನೂ, ಜುಲೈನಲ್ಲಿ ಮಗನ ಜೊತೆ ಕಳೆದ ಎರಡು ವಾರದ ರಜೆಯನ್ನೂ ಕಳೆದು ಎಣಿಸಿದಾಗ ಒಂಬತ್ತು ತಿಂಗಳಿಗೆ ಎಂಟು ದಿನ ಕಡಿಮೆಯಿತ್ತು. 2024ರ ಏಪ್ರಿಲ್‌ನಲ್ಲಿ ನಿವಾಸಿಯಲ್ಲದವಳಾಗಿಯೇ ಕ್ಯಾಲಿಫೋರ್ನಿಯಾದ ರಿಟರ್ನ್ ಸಲ್ಲಿಸಿ, ಅಲ್ಲಿ ದುಡಿದ ಸಂಬಳಕ್ಕೆ ಅಲ್ಲಿನ ತೆರಿಗೆ ಕಟ್ಟಿದಳು. ಬೋರ್ಡಿಂಗ್ ಪಾಸುಗಳು, ಕಂಪನಿಯ ಎರಡು ಪತ್ರಗಳು, ಮೊಮ್ಮಗನ ಶಾಲೆಯ ಹಾಜರಿ, ದಂತವೈದ್ಯರ ರಸೀದಿ ಎಲ್ಲವನ್ನೂ ಒಂದು ಕಡತದಲ್ಲಿ ಹಾಕಿಟ್ಟಿದ್ದಾಳೆ. ನನ್ನ ಸಲಹೆಯಂತೆ ಆರ್.ಟಿ. ನಗರದ ಫ್ಲ್ಯಾಟಿನ ಬಾಡಿಗೆ ಕರಾರನ್ನೂ ಸೇರಿಸಿದ್ದಾಳೆ. ಆ ರಾಜ್ಯ ಮರುಪರಿಶೀಲನೆ ಮಾಡಲು ಸಾಮಾನ್ಯವಾಗಿ ನಾಲ್ಕು ವರ್ಷ ಕಾಲಾವಕಾಶವಿದೆ. 2028ರ ಏಪ್ರಿಲ್ ಕಳೆಯುವವರೆಗೆ ಕಡತವನ್ನು ಎಸೆಯಬೇಡ ಎಂದು ಹೇಳಿದ್ದೇನೆ.